ಅವ್ವನನ್ನು ಊಟಕ್ಕೆ ಕರೆತಂದದ್ದು

ನಮ್ಮವ್ವ ನನ್ನ ಗಂಡನ ಮನೆಯಲ್ಲಿ ಮೊದಲ ಸಲ ಉಂಡದ್ದು ಅವಳು ಸತ್ತ ಮೇಲೆ. ಬದುಕಿದ್ದಾಗ ಬರುತ್ತಿರಲಿಲ್ಲ ಅಂತಲ್ಲ. ಬರುತ್ತಿದ್ದಳು, ಜಗಲಿಯ ಮೇಲೆ ಕೂರುತ್ತಿದ್ದಳು, ತನ್ನದೇ ಸಂಚಿ ಬಿಚ್ಚಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು, ಹೋಗುತ್ತಿದ್ದಳು. ಒಂದು ಲೋಟ ನೀರು ಕೊಟ್ಟರೂ ಮುಟ್ಟುತ್ತಿರಲಿಲ್ಲ.

ನನ್ನ ತವರು ಯಳಂದೂರು. ಕೊಟ್ಟಿದ್ದು ಕೊಳ್ಳೇಗಾಲಕ್ಕೆ, ರೇಷ್ಮೆ ಸೀರೆ ನೇಯುವವರ ಮನೆಗೆ. ಈಗಿನವರು ಇದೇನು ಮಹಾ ದೂರ ಅಂತ ನಗಬಹುದು. ಆಗ ಯಳಂದೂರು ಮೈಸೂರು ಸೀಮೆ, ಕೊಳ್ಳೇಗಾಲ ಮದರಾಸು ಸೀಮೆ. ನಡುವೆ ಗಡಿ, ಗಡಿಯಲ್ಲಿ ಒಂದು ಸುಂಕದ ಕಟ್ಟೆ, ಕಟ್ಟೆಯಲ್ಲಿ ಒಬ್ಬ ಪೇದೆ. ಅವನು ಯಾರ ಗಂಟಿನಲ್ಲಿ ಕದ್ದು ಸಾಗಿಸುವ ಅಕ್ಕಿ ಇದೆ ಅಂತ ಮೂಸಿ ನೋಡುತ್ತಾ ನಿಂತಿರುತ್ತಿದ್ದ.

ಅಪ್ಪ ಪ್ಲೇಗಿನಲ್ಲಿ ಹೋದ. ಅವನ ಕಡೆಯವರೂ ಅದರಲ್ಲೇ ಹೋದರು. ಅವ್ವ ಒಂದು ಬಾಡಿಗೆ ಮನೆ ಹಿಡಿದು, ಗೂಡು ಬೇಯಿಸಿ ರೇಷ್ಮೆ ನೂಲು ತೆಗೆದು ನನ್ನನ್ನು ಸಾಕಿದಳು. ಆ ನೂಲು ಕೊಳ್ಳುವುದಕ್ಕೆ ಕೊಳ್ಳೇಗಾಲದಿಂದ ಒಬ್ಬ ಹೆಂಗಸು ಬರುತ್ತಿದ್ದರು. ಅವರೂ ಗಂಡ ಇಲ್ಲದವರು. ಮಗನ ಮಗ್ಗಕ್ಕೆ ನೂಲು ತರುವುದು ಅವರ ಕೆಲಸ. ಅವರಿಗೂ ಅವ್ವನಿಗೂ ಒಂದು ದಿನ ಸರಿಯಾಗಿ ಮಾತಾದದ್ದು ನಾನು ನೋಡಿಲ್ಲ.

"ಇದೇನಕ್ಕ, ನೂಲಲ್ಲಿ ಬರೀ ಗಂಟೇ ಅದೆ?"

"ಗಂಟು ನೂಲಲ್ಲಿಲ್ಲ ಕಣಕ್ಕ, ನಿನ್ ಕಣ್ಣಲ್ಲಿ ಅದೆ."

ಹೀಗೆ ಇಬ್ಬರೂ ಎಲೆಅಡಿಕೆ ಮೆಲ್ಲುತ್ತಾ ಜಗಳ ಆಡುವರು. ಜಗಳ ಮುಗಿದ ಮೇಲೆ ಒಬ್ಬರಿಗೊಬ್ಬರು ಸುಣ್ಣ ಕೊಟ್ಟುಕೊಳ್ಳುವರು. ಒಂದು ದಿನ ಆ ಹೆಂಗಸು ನೂಲನ್ನು ಬದಿಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೂಲು ಎಂಗಾರ ಇರ್ಲಿ, ಮಗಳನ್ನ ಕೊಡಕ್ಕ" ಅಂದುಬಿಟ್ಟರು. ಅವರೇ ನನ್ನ ಅತ್ತೆ.

ಮದುವೆಯಾದ ಮೇಲೆ ಅವ್ವ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ ಅಂತ ಹಟ ಹಿಡಿದಳು. ಮಗಳಿಗೆ ಕೂಸಾಗುವ ತನಕ ಮಗಳ ಮನೆಯ ಅನ್ನ ಮುಟ್ಟಬಾರದು ಅನ್ನುವವರು ನಮ್ಮ ಕಡೆ ಕೆಲವರು ಇದ್ದರು. ಆದರೆ ಅವ್ವನದು ಆಚಾರ ಅಲ್ಲ, ಲೆಕ್ಕಾಚಾರ. ನಾನು ಅತ್ತು ಕರೆದು ಕೇಳಿದಾಗ ಹೇಳಿದಳು:

"ಉಂಡ್ ಮನೆ ಜಂತೆ ಎಣಿಸ್ಬಾರ್ದು ಅಂತಾರೆ ಕಣಮ್ಮಿ. ನಾಳೆ ನಿಂಗೇನಾರ ತೊಂದ್ರೆ ಕೊಟ್ರೆ ಜಗಳಕ್ ಬರೋಳು ನಾನೊಬ್ಳೇ. ಅವರ ಅನ್ನ ಉಂಡ್ಬುಟ್ಟು ಯಾವ್ ಬಾಯಲ್ಲಿ ಜಗಳ ಆಡ್ಲಿ? ನಿಂಗೊಂದ್ ಕೂಸಾಗ್ಲಿ, ನೀ ಆ ಮನೇಲಿ ಬೇರ್ ಬಿಡು. ಆಗ ಬಂದು ಮನೆ ಮಂದಿಗೆಲ್ಲ ಸಾಲ್ದಂಗೆ ಉಣ್ತೀನಿ."

ಕೂಸು ಆಗಲಿಲ್ಲ. ಒಂದು ಆಷಾಢದಲ್ಲಿ ಅವ್ವನಿಗೆ ಜ್ವರ ಬಂತು. ಶ್ರಾವಣವನ್ನು ಅವಳು ನೋಡಲಿಲ್ಲ.

ಭಾದ್ರಪದದಲ್ಲಿ ಪಕ್ಷ ಬಂತು. ಸತ್ತ ಹಿರಿಯರಿಗೆ ಎಡೆ ಇಡುವ ಕಾಲ. ನಮ್ಮ ಮನೆಯಲ್ಲಿ ಇಡುತ್ತಿದ್ದುದು ಹೀಗೆ: ನಡುಮನೆಯಲ್ಲಿ ಒಬ್ಬೊಬ್ಬ ಹಿರಿಯರಿಗೆ ಒಂದೊಂದು ಬಾಳೆಎಲೆ ಹಾಕಿ, ಅವರವರು ಇಷ್ಟಪಟ್ಟು ಉಣ್ಣುತ್ತಿದ್ದುದನ್ನೆಲ್ಲ ಬಡಿಸಿ, ಅನ್ನದ ರಾಶಿಯ ತುದಿಗೆ ಒಂದು ಚೆಂಡುಹೂವು ಇಟ್ಟು, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು. ಹಿರಿಯರು ಬಂದು ನೆಮ್ಮದಿಯಾಗಿ ಉಣ್ಣಲಿ ಅಂತ ಜಗಲಿಯ ಮೇಲೆ ಸದ್ದಿಲ್ಲದೆ ಕೂರುವುದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುವುದು. ರಾಶಿಯ ಮೇಲಿನ ಹೂವು ಉರುಳಿ ಬಿದ್ದಿದ್ದರೆ ಅವರು ಬಂದು ಉಂಡರು ಅಂತ ಅರ್ಥ.

ಎಡೆ ಇಡುವುದು ಗಂಡುಮಕ್ಕಳ ಮನೆಯಲ್ಲಿ. ಅವ್ವನಿಗೆ ಗಂಡುಮಗ ಇಲ್ಲ. ಹಾಗಾದರೆ ಅವಳು ಎಲ್ಲಿಗೆ ಹೋಗಬೇಕು? ಊರಿಗೆಲ್ಲ ಊಟ, ನಮ್ಮವ್ವ ಒಬ್ಬಳು ಬೀದಿಯಲ್ಲಿ ನಿಂತಿದ್ದಾಳೆ ಅನ್ನಿಸಿ ನನಗೆ ಅನ್ನ ಇಳಿಯಲಿಲ್ಲ. ಕೊನೆಗೆ ಅತ್ತೆಯನ್ನೇ ಕೇಳಿದೆ.

"ಇಡು," ಅಂದರು ಅತ್ತೆ. "ಒಂದೆಲೆ ಎಚ್ಚಿಗೆ ಕುಯ್ದ್ರೆ ಬಾಳೆಗಿಡ ಬೇಜಾರ್ ಮಾಡ್ಕಂಡದಾ?"

ಆ ವರ್ಷ ಪಕ್ಷಕ್ಕೆ ಹನೂರಿನಿಂದ ನಮ್ಮ ಯಜಮಾನರ ಸೋದರತ್ತೆ ಬಂದಿದ್ದರು. ಅವರ ನಾಲಿಗೆಗೆ ಮೂಳೆ ಇರಲಿಲ್ಲ. "ಮಗಳ ಗಂಡನ ಮನೇಲಿ ಅವ್ವನ ಎಡೆಯಾ? ಎಲ್ಲಾರ ಉಂಟಾ?" ಅಂತ ಮೂಗಿನ ಮೇಲೆ ಬೆರಳಿಟ್ಟರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದವರಿಗೆಲ್ಲ ಅನ್ನ, ಒಬ್ಬಟ್ಟು, ವಡೆ, ಪಾಯಸ. ಅವ್ವನಿಗೆ ಮಾತ್ರ ರಾಗಿಮುದ್ದೆ, ಉಪ್ಸಾರು, ಹಸಿಮೆಣಸಿನ ಖಾರ. ಅವಳಿಗೆ ಅದರ ಮುಂದೆ ಅಮೃತವೂ ಬೇಡ. ಬಿಸಿಬಿಸಿ ಮುದ್ದೆಯ ನೆತ್ತಿಯ ಮೇಲೆ ಹೂವು ಇಟ್ಟು, "ಬಾರವ್ವ" ಅಂತ ಕೈ ಮುಗಿದು ಹೊರಗೆ ಬಂದೆ.

ಬಾಗಿಲು ತೆಗೆದಾಗ ಮಾವನ ಎಲೆಯ ಹೂವು ಉರುಳಿತ್ತು. ಯಜಮಾನರ ಅಜ್ಜಿಯದು ಪಾಯಸದೊಳಗೆ ಬಿದ್ದಿತ್ತು. ಅವ್ವನ ಹೂವು ಮಾತ್ರ ಇಟ್ಟಲ್ಲೇ, ಇಟ್ಟ ಹಾಗೇ ಕೂತಿತ್ತು.

ಹನೂರಿನವರು ಇದಕ್ಕೇ ಕಾಯುತ್ತಿದ್ದವರ ಹಾಗೆ ಶುರುಮಾಡಿದರು:

"ನಾ ಯೋಳ್ಲಿಲ್ವಾ? ಹೆತ್ತೋಳ್ಗೇ ಗೊತ್ತಾಗದೆ, ತನ್ ಮಗಳು ಈ ಮನೇಲಿ ಬೇರ್ ಬಿಡಾಕಿಲ್ಲ ಅಂತ. ಅದ್ಕೇ ಮುಟ್ಲಿಲ್ಲ. ಇನ್ನೂ ಏನ್ ಕಾಯೋದು? ಕಾಮಗೆರೇಲಿ ನಮ್ ಕಡೆ ಉಡ್ಗಿ ಒಬ್ಳವ್ಳೆ. ಇವಳೂ ಇರ್ಲಿ, ಅವಳೂ ಬರ್ಲಿ. ವಂಶ ಅನ್ನೋದು ಬ್ಯಾಡ್ವಾ?"

ಆ ಮಾತು ಆ ಮನೆಯಲ್ಲಿ ಮೊದಲ ಸಲ ಬಾಯಿಬಿಟ್ಟು ಆಡಿದ್ದು ಆಗಲೇ. ಗೋಡೆಗಳೊಳಗೆ ಅದು ಬಹಳ ದಿನದಿಂದ ಓಡಾಡುತ್ತಿತ್ತು, ನನಗೆ ಗೊತ್ತಿತ್ತು. ನಾನು ಯಜಮಾನರ ಮುಖ ನೋಡಿದೆ. ಅವರು ತಮ್ಮ ಕಾಲಿನ ಉಗುರು ನೋಡುತ್ತಿದ್ದರು. ಬಹಳ ಒಳ್ಳೆಯವರು, ಒಂದು ಇರುವೆಗೂ ನೋವು ಮಾಡಿದವರಲ್ಲ. ಆದರೆ ಮಾತಾಡಬೇಕಾದ ಹೊತ್ತಿಗೆ ಈ ಒಳ್ಳೆಯವರ ಬಾಯಿಗೆ ಅದೇನಾಗುತ್ತೋ. ಅತ್ತೆ ಎಲೆಅಡಿಕೆ ಜಗಿಯುತ್ತಾ ನಿಂತಿದ್ದರು.

ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಅವ್ವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವಳು ಎದುರಿಗೇ ಇದ್ದಾಳೆ ಅನ್ನುವ ಹಾಗೆ ಕೈ ಬೀಸಿ ಬೈದೆ.

"ಬಿಂಕಗಿತ್ತೀ! ಸತ್ರೂ ನಿನ್ ಬಿಂಕ ಓಗ್ನಿಲ್ವಲ್ಲೇ! ಒಂದ್ ತುತ್ತು ತಿಂದಿದ್ರೆ ನಿನ್ ಗಂಟೇನ್ ಓಯ್ತಿತ್ತು? ಮಗಳ ಬಾಳು ಬೀದಿಗ್ ಬಂದ್ರೂ ಸರಿ, ನಿನ್ ಹಟ ನಡೀಬೇಕಾ? ಜಗಳಕ್ ಬತ್ತೀನಿ ಅಂತಿದ್ದೆ, ಬಾ ಈಗ! ಬಂದು ಆಡು!"

ಹಿಂದೆ ಎಲೆಯ ರಸ ಉಗಿದ ಸದ್ದಾಯಿತು. ತಿರುಗಿದರೆ ಅತ್ತೆ.

"ಯಾರಮ್ಮಿ ಜಗಳಕ್ ಬರೋರು?"

ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಅವ್ವ ಯಾಕೆ ಈ ಮನೆಯಲ್ಲಿ ಉಣ್ಣುತ್ತಿರಲಿಲ್ಲ ಅನ್ನುವುದನ್ನೆಲ್ಲ ಅಳುತ್ತಾ ಹೇಳಿಬಿಟ್ಟೆ. ಜಂತೆ ಎಣಿಸುವ ಮಾತನ್ನೂ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ಕಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಜಗಳಕ್ಕೆ ಬಾಯಿ ಬಿಡುವಾಗಿರ್ಲಿ ಅಂತಾ? ಬಲೇ ಎಂಗ್ಸು ಕಣಮ್ಮಿ ನಿಮ್ಮವ್ವ!" ಅಂದರು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಅದು ನಗುವಿನ ನೀರೋ ಬೇರೆಯದೋ ನನಗೆ ತಿಳಿಯಲಿಲ್ಲ. ಇದ್ದಕ್ಕಿದ್ದ ಹಾಗೆ ಹಣೆ ಚಚ್ಚಿಕೊಂಡರು.

"ಅಯ್ಯೋ ನನ್ ಬುದ್ಧಿಗಿಷ್ಟು! ಕರೀದೇಲೆ ಎಂಗ್ ಬಂದಾರು? ನಮ್ ಮಾವ, ನಮ್ಮತ್ತೆ, ನಿಮ್ಮಾವ, ಇವ್ರಿಗೆಲ್ಲ ಇದು ಸ್ವಂತ ಮನೆ. ಬಾಗ್ಲು ತೆಗ್ದ್ರೆ ನುಗ್ಗಿ ಬತ್ತಾರೆ. ನಿಮ್ಮವ್ವ ಬೀಗ್ತಿ. ಬೀಗ್ತೇರನ್ನ ಮನೆ ಬಾಗ್ಲಿಗ್ ಓಗಿ ವೀಳ್ಯ ಕೊಟ್ಟು ಕರೀಬೇಕು. ನಾವ್ ಎಲೆ ಹಾಕ್ಬುಟ್ಟು ಬಾ ಅಂದ್ರೆ ಮಾನ ಇರೋರು ಬತ್ತಾರಾ? ನಾನಾಗಿದ್ರೂ ಬತ್ತಿರ್ಲಿಲ್ಲ."

ಪಕ್ಷ ಮುಗಿದಿರಲಿಲ್ಲ. ಮಹಾಲಯ ಅಮಾವಾಸ್ಯೆ ಇನ್ನೂ ಮುಂದಿತ್ತು. ಆ ದಿನ ಬೀಗಿತ್ತಿಗೆ ಮತ್ತೆ ಎಲೆ ಹಾಕುತ್ತೇನೆ ಅಂತ ಅತ್ತೆ ನಡುಮನೆಯಲ್ಲಿ ನಿಂತು ಸಾರಿದರು. ಹನೂರಿನವರು ಕೊಂಕು ನಗೆ ನಕ್ಕರು.

"ಕರಿಯಾಕೆ ಸುಡುಗಾಡಿಗ್ ಓದೀಯಾ ಅತ್ಗೆ?"

"ಊಟಕ್ ಕರಿಯಾಕೆ ಸುಡುಗಾಡಿಗ್ ಯಾರಾರ ಓಯ್ತಾರಾ? ಮನೆ ಬಾಗ್ಲಿಗ್ ಓಯ್ತೀನಿ."

ಅಮಾವಾಸ್ಯೆಯ ಬೆಳಿಗ್ಗೆ ಅತ್ತೆಯೂ ನಾನೂ ಯಳಂದೂರಿಗೆ ಹೊರಟೆವು. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದಕ್ಕಿಂತ ಏದುಸಿರು ಬಿಡುತ್ತಿತ್ತು. ಗಡಿ ಕಟ್ಟೆಯ ಪೇದೆ ಅತ್ತೆಯ ಗಂಟು ಬಿಚ್ಚಿಸಿದ. ಒಳಗೆ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ.

"ಎಲ್ಗಮ್ಮ ಸವಾರಿ?"

"ಬೀಗ್ತೇರ ಕರಿಯಾಕೆ ಸಾ. ಓಗ್ವಾಗ ಇಬ್ರು, ಬರ್ವಾಗ ಮೂವರು. ನ್ಯಾಪಕ ಇಟ್ಕಳಿ."

ಅವ್ವನ ಮನೆಯಲ್ಲಿ ಆಗ ಬೇರೆಯವರು ಇದ್ದರು. ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಾಗಿಲಿಗೆ ಬಂದು ಯಾರು ಬೇಕು ಅಂದಳು. ಅತ್ತೆ ಹೇಳಿದರು. ಆಕೆ ನಗಲಿಲ್ಲ. "ಕರ್ಕಂಡ್ ಓಗಿ ತಾಯಿ" ಅಂತ ಹೇಳಿ, ಅಡ್ಡ ನಿಂತಿದ್ದವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಅತ್ತೆ ಹೊಸಿಲ ಮೇಲೆ ವೀಳ್ಯ ಇಟ್ಟು ಕೈ ಮುಗಿದರು. "ಬೀಗ್ತೇರೆ, ತೆಪ್ಪಾಯ್ತು. ಕರೀದೆ ಎಲೆ ಹಾಕ್ಬುಟ್ಟೆ. ಈಗ್ ಕರಿಯಾಕ್ ಬಂದಿವ್ನಿ. ನಿಮ್ ಮಗಳೂ ಬಂದವಳೆ. ಏಳಿ, ಓಗಮ." ಅಷ್ಟೇ. ಅಕ್ಕಪಕ್ಕದವರು ನೋಡುತ್ತಿದ್ದರು, ಅತ್ತೆ ಲಕ್ಷ್ಯ ಮಾಡಲಿಲ್ಲ. ನಾನು ಅವ್ವ ಗೂಡು ಬೇಯಿಸುತ್ತಿದ್ದ ಒಲೆಯ ಕಡೆ ಒಂದು ಸಲ ನೋಡಿ ಅವರ ಹಿಂದೆ ನಡೆದೆ.

ವಾಪಸ್ಸು ಬರುವಾಗ ಅತ್ತೆ ಮೂರು ಟಿಕೆಟ್ಟು ಕೇಳಿದರು. ಕಂಡಕ್ಟರು ಮೂರನೆಯವರನ್ನು ಹುಡುಕಿದ. ನಮ್ಮಿಬ್ಬರ ನಡುವೆ ಸೀಟು ಖಾಲಿ. ಒಬ್ಬ ಗೌಡರು ಅಲ್ಲಿ ಕೂರುವುದಕ್ಕೆ ಬಂದರು.

"ಅಲ್ಲಿ ಜನ ಅವ್ರೆ," ಅಂದರು ಅತ್ತೆ.

"ಯಾರೂ ಇಲ್ವಲ್ಲವ್ವ?"

"ಟಿಕೇಟ್ ತಕ್ಕಂಡೀವ್ನಿ. ಅವ್ರು ನಿಮ್ ಕಣ್ಗೆ ಕಾಣಾಕಿಲ್ಲ ಅಂದ್ರೆ ತೆಪ್ಪು ನಂದಾ?"

ಗೌಡರು ಅತ್ತೆಯ ಮುಖ ನೋಡಿದರು, ನನ್ನ ಕಣ್ಣಲ್ಲಿ ನೀರು ನೋಡಿದರು, ಅಮಾವಾಸ್ಯೆ ಅನ್ನುವುದು ನೆನಪಾಯಿತೇನೋ, ಕೈ ಮುಗಿದು ದೂರ ಹೋಗಿ ನಿಂತುಕೊಂಡರು. ನಾನು ಮೆಲ್ಲಗೆ ಆ ಖಾಲಿ ಜಾಗದ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಅವ್ವ ಕೂತಿದ್ದಕ್ಕೆ ಬೆಚ್ಚಗಿತ್ತು ಅಂದರೆ ಸುಳ್ಳಾಗುತ್ತದೆ, ಇದ್ದಿಲ ಬಸ್ಸಿನಲ್ಲಿ ಎಲ್ಲ ಸೀಟೂ ಬಿಸಿಯೇ. ಆದರೂ ಕೊಳ್ಳೇಗಾಲ ಬರುವ ತನಕ ನಾನು ಕೈ ತೆಗೆಯಲಿಲ್ಲ.

ಮನೆ ಬಾಗಿಲಲ್ಲಿ ಅತ್ತೆ ಒಂದು ತಂಬಿಗೆ ನೀರು ಸುರಿದರು, ಬೀಗಿತ್ತಿಯ ಕಾಲಿಗೆ. ನಡುಮನೆಯಲ್ಲಿ ಮಣೆ ಹಾಕಿಸಿದರು. ಮುಂದೆ ಒಂದೇ ಒಂದು ಎಲೆ. ನಾನು ಮತ್ತೆ ಮುದ್ದೆ ತೊಳಸಿ, ಉಪ್ಸಾರು ಬಿಟ್ಟು, ಖಾರ ಇಟ್ಟೆ. ಮುದ್ದೆಯ ಮೇಲೆ ಹೂವು ಇಡಲು ಹೋದರೆ ಅತ್ತೆ ಕೈ ಹಿಡಿದರು.

"ಊವ್ಗೀವು ಬ್ಯಾಡ. ನಡಿ ಎಲ್ಲಾ ಈಚ್ಗೆ."

ಎಲ್ಲರೂ ಹೊರಗೆ ಬಂದೆವು. ಅತ್ತೆ ಬರಲಿಲ್ಲ. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿ ಹನೂರಿನವರು ಬೆಚ್ಚಿಬಿದ್ದರು. ಹಿರಿಯರು ಉಣ್ಣುವಾಗ ಒಳಗೆ ಯಾರೂ ಇರುವ ಹಾಗಿಲ್ಲ. ಅದು ಯಾವ ಕಾಲದಿಂದಲೂ ಇದ್ದ ಕಟ್ಟು.

"ಅತ್ಗೆ! ತಲೆ ಕೆಟ್ಟದಾ? ಈಚ್ಗ್ ಬಾ!"

"ಬೀಗ್ತಿ ಮನೆಗ್ ಬಂದವ್ರೆ, ಬಡ್ಸೋರು ಬ್ಯಾಡ್ವಾ?" ಒಳಗಿನಿಂದ ಅತ್ತೆಯ ದನಿ ಬಂತು. "ಇನ್ನೊಂಚೂರು ಆಕ್ಕಳಿ ಅನ್ನೋರು ಇಲ್ದಿದ್ರೆ ಅದೂ ಒಂದ್ ಊಟವಾ? ನೀವ್ ಸುಮ್ನೆ ಕೂತ್ಕಳಿ."

ನಾವು ಜಗಲಿಯ ಮೇಲೆ ಕೂತೆವು. ಯಜಮಾನರು, ಹನೂರಿನವರು, ನಾನು. ಬಾಗಿಲಿನ ಸಂದಿಯಿಂದ ಒಳಗಿನ ಮಾತು ಒಂದೊಂದೂ ಕೇಳುತ್ತಿತ್ತು.

"ಕೂತ್ಕಳಿ ಬೀಗ್ತೇರೆ. ಉಪ್ಸಾರು ನಿಮ್ ಮಗಳೇ ಮಾಡಿದ್ದು. ನಂಗೇನೋ ಖಾರ ಎಚ್ಚಾಯ್ತದೆ. ನಿಮ್ ಕೈಯೇ ಅವಳ್ಗೂ ಬಂದದೆ, ಏನ್ ಮಾಡದು." ತಂಬಿಗೆಯಿಂದ ನೀರು ಬಗ್ಗಿಸಿದ ಸದ್ದು. "ಏನಂದ್ರಿ? ಕೂಸಾ? ಇಲ್ಲ, ಆಗಿಲ್ಲ."

ಹನೂರಿನವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

"ಆಗ್ಬೋದು. ಆಗ್ದೇನೂ ಇರ್ಬೋದು. ಅದ್ಕೇನೀಗ? ನಾ ನಿಮ್ಮನೆಯಿಂದ ತಂದಿದ್ದು ಸೊಸೇನ, ತೊಟ್ಲಲ್ಲ." ಬಳೆಯಿಲ್ಲದ ಆ ಕೈ ಸೌಟು ಆಡಿಸಿದ ಸದ್ದು. "ಇನ್ನೊಂಚೂರ್ ಸಾರು ಬಿಡ್ಲಾ? ನಾಚ್ಕಬ್ಯಾಡಿ. ನಿಮ್ ಮಗಳ್ಗೆ ಬಾಯಿ ಜೋರು, ನಿಮ್ದೇ ಬಾಯಿ. ಆದ್ರೆ ಮಗ್ಗದ ಕಂಡಿಕೆಗೆ ನೂಲ್ ಸುತ್ತಾಕ್ ಕೂತ್ರೆ ಒಂದೆಳೆ ಕಡ್ಯಾಕಿಲ್ಲ. ನನ್ ಮಂಡಿಗೆ ಎಣ್ಣೆ ತಿಕ್ತಾಳೆ, ಬೈಕಂಡೇ ತಿಕ್ತಾಳೆ, ಆದ್ರೂ ಒಂದಿನ ತೆಪ್ಸಿಲ್ಲ. ಇದ್ನೆಲ್ಲ ಅವಳ ಮುಂದೆ ಯೋಳಕಾದದಾ? ತಲೆ ಮೇಲೆ ಕೂತ್ಕತಾಳೆ."

ನನಗೆ ಅಳು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ. ಒಳಗೆ ಅತ್ತೆಯ ದನಿ ತಗ್ಗಿತು, ಆದರೂ ಕೇಳಿಸಿತು.

"ನೀವ್ ಯಾಕ್ ಉಣ್ತಿರ್ಲಿಲ್ಲ ಅಂತ ಗೊತ್ತಾಯ್ತು. ಸರಿಯೇ. ಹೆತ್ತೋಳು ನೀವು. ಆದ್ರೆ ಇನ್ಮೇಲೆ ಆ ಜಗಳ ನಂಗ್ ಬುಡಿ. ಅವಳ ಮೇಲೆ ಸವತಿ ತರೋರು ನನ್ ಹೆಣ ದಾಟ್ಕಂಡು ತರ್ಬೇಕು. ಅವಳ ಪರವಾಗಿ ಬಾಯಿ ಮಾಡಾಕೆ ನಾನಿವ್ನಿ. ನೀವ್ ಉಣ್ಣಿ ಬೀಗ್ತೇರೆ, ನೆಮ್ಮದಿಯಾಗ್ ಉಣ್ಣಿ."

ಆಮೇಲೆ ನಮ್ಮ ಯಜಮಾನರು, ಆ ಬಾಯಿಲ್ಲದ ಮಹಾರಾಯರು, ಹನೂರಿನವರ ಕಡೆ ತಿರುಗಿ ಹೇಳಿದರು: "ಅತ್ತೇ, ಕಾಮಗೆರೆಗೆ ಯೋಳ್ ಕಳಿಸ್ಬುಡು. ಬ್ಯಾಡ ಅಂತ." ಹನೂರಿನವರು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅಗುಳಿ ತೆಗೆದ ಸದ್ದಾಯಿತು. ಅತ್ತೆ ಹೊಸಿಲಲ್ಲಿ ನಿಂತಿದ್ದರು. "ಉಂಡ್ರು," ಅಂದರು. ಮಣೆಯ ಮುಂದೆ ಎಲೆ ಮಡಿಸಿತ್ತು. ಉಂಡವರು ಎಲೆಯನ್ನು ತಮ್ಮ ಕಡೆಗೆ ಮಡಿಸಿದರೆ ಊಟ ಮೆಚ್ಚಿದರು, ನೆಂಟಸ್ತಿಕೆ ಗಟ್ಟಿಯಾಯಿತು ಅಂತ. ಸಾವಿನ ಮನೆಯಲ್ಲಾದರೆ ಆಚೆ ಕಡೆಗೆ ಮಡಿಸುತ್ತಾರೆ. ಅವ್ವನ ಎಲೆ ಮಣೆಯ ಕಡೆಗೇ, ಅವಳ ಕಡೆಗೇ ಮಡಿಸಿತ್ತು.

"ನಿಮ್ಮವ್ವ ಉಂಡು ಮಿಕ್ಕಿದ್ದು, ನೀ ಉಣ್ಣು," ಅಂದರು ಅತ್ತೆ. ಎಲೆ ಬಿಚ್ಚಿದೆ. ಮುದ್ದೆಯ ಒಂದು ಕಡೆ ಒಂದು ತುತ್ತಿನಷ್ಟು ಮುರಿದಿತ್ತು. ಚಿಕ್ಕವಳಾಗಿದ್ದಾಗ ಅವ್ವ ಮುರಿದ ಮುದ್ದೆಯ ಇನ್ನೊಂದು ಕಡೆಯಿಂದ ನಾನು ಮುರಿದು ತಿನ್ನುತ್ತಿದ್ದೆ. ಆವತ್ತೂ ಹಾಗೇ ತಿಂದೆ. ಖಾರ ನಿಜವಾಗಿಯೂ ಹೆಚ್ಚಾಗಿತ್ತು.

ಬಿಸಿ ಮುದ್ದೆಗೆ ಅಂಟಿಕೊಂಡ ಹೂವು ಎಲ್ಲಿಯಾದರೂ ಉರುಳುತ್ತದೆಯೇ? ಆರುತ್ತಾ ಕುಸಿಯುವುದು ಅನ್ನದ ರಾಶಿ, ಮುದ್ದೆಯಲ್ಲ. ಈ ಬುದ್ಧಿ ನನಗೆ ಎಷ್ಟೋ ವರ್ಷದ ಮೇಲೆ, ಒಂದು ದಿನ ಮುದ್ದೆ ತೊಳಸುವಾಗ ಬಂತು. ಹೂವು ಬೇಡ ಅಂದ ಅತ್ತೆಗೆ ಆವತ್ತೇ ಗೊತ್ತಿತ್ತೋ ಏನೋ. ಗೊತ್ತಿದ್ದೂ ಯಳಂದೂರಿಗೆ ಹೋಗಿ ಮೂರು ಟಿಕೆಟ್ಟು ತೆಗೆದುಕೊಂಡು ಬಂದರಲ್ಲ, ಅದಕ್ಕೆ ಏನು ಹೇಳಲಿ? ಎಲೆ ಮಡಿಸಿದ್ದು ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೂಸು ನನಗೆ ಆಗಲೇ ಇಲ್ಲ. ಸವತಿಯೂ ಬರಲಿಲ್ಲ. ಪ್ರತಿ ಪಕ್ಷಕ್ಕೂ ಅತ್ತೆಯೂ ನಾನೂ ಹೋಗಿ ಅವ್ವನನ್ನು ಕರೆತರುತ್ತಿದ್ದೆವು. ಕಟ್ಟೆಯಲ್ಲಿ ಅದೇ ಪೇದೆ ಇದ್ದ, ನಮ್ಮನ್ನು ಕಂಡರೆ ಗಂಟು ಬಿಚ್ಚಿಸದೆ ಬಿಡುತ್ತಿದ್ದ. ಉಳಿದ ದಿನಗಳಲ್ಲಿ ಅತ್ತೆ ನನ್ನನ್ನು ಬೈದರು, ನಾನೂ ಬೈಸಿಕೊಂಡು ಸುಮ್ಮನಿದ್ದವಳಲ್ಲ. ಬಾಗಿಲ ಹಿಂದೆ ಆಡಿದ ಆ ಒಳ್ಳೆಯ ಮಾತನ್ನು ಒಂದು ದಿನವೂ ನನ್ನ ಮುಖಕ್ಕೆ ಹೇಳಲಿಲ್ಲ.

ಕೊಳ್ಳೇಗಾಲ ಮೈಸೂರಿಗೆ ಸೇರುತ್ತಂತೆ, ಗಡಿ ಎತ್ತಿಬಿಡುತ್ತಾರಂತೆ ಅಂತ ಜನ ಮಾತಾಡಿಕೊಳ್ಳುತ್ತಿದ್ದ ವರ್ಷ ಅತ್ತೆ ತೀರಿಕೊಂಡರು. ಆ ಪಕ್ಷದಲ್ಲಿ ನಾನೊಬ್ಬಳೇ ಯಳಂದೂರಿಗೆ ಹೋದೆ. ಬರುವಾಗ ಎರಡು ಟಿಕೆಟ್ಟು ತೆಗೆದುಕೊಂಡೆ. ಕಟ್ಟೆಯಲ್ಲಿ ಪೇದೆ ಕೇಳಿದ, "ದೊಡ್ಡಮ್ಮ ಎಲ್ಲಿ, ಕಾಣ್ನಿಲ್ಲ?"

"ಮನೇಲವ್ರೆ ಸಾ. ಬೀಗ್ತಿ ಬರ್ಲಿ ಅಂತ ಕಾಯ್ತಾವ್ರೆ."

ಅವನು ಟೋಪಿ ತೆಗೆದ.

ನಡುಮನೆಯಲ್ಲಿ ಎರಡು ಮಣೆ ಪಕ್ಕಪಕ್ಕದಲ್ಲಿ ಹಾಕಿದೆ. ಎರಡು ಎಲೆ, ಎರಡಕ್ಕೂ ಮುದ್ದೆ, ಉಪ್ಸಾರು. ಅತ್ತೆಯ ಎಲೆಗೆ ಖಾರ ಕಡಿಮೆ. ಎಲ್ಲರನ್ನೂ ಹೊರಗೆ ಕಳಿಸಿ ಅಗುಳಿ ಹಾಕಿದೆ. ಆಮೇಲೆ ಅವ್ವನ ಎಲೆಗೆ ಸಾರು ಬಿಡುತ್ತಾ ಹೇಳಿದೆ.

"ಅವ್ವಾ, ನೀ ಜಗಳಕ್ ಬರೋ ಕೆಲ್ಸಾನೇ ಬೀಳ್ನಿಲ್ಲ ಕಣವ್ವ. ನಿನ್ ಪಕ್ಕದಲ್ ಕೂತವ್ರಲ್ಲ, ಇವ್ರು ನನ್ನ ಮಗಳಂಗ್ ನೋಡ್ಕಂಡ್ರು. ಅತ್ತೆಮ್ಮ, ಇದ್ನ ನಿಮ್ ಮುಂದೆ ಯೋಳಿದ್ರೆ ನೀವೂ ತಲೆ ಮೇಲೆ ಕೂತ್ಕತಿದ್ರಿ. ಅದ್ಕೆ ಯೋಳಿರ್ಲಿಲ್ಲ. ಈಗ್ ಯೋಳ್ತೀವ್ನಿ. ಉಣ್ಣಿ."

ಅವರಿಬ್ಬರೂ ಉಣ್ಣುವಷ್ಟು ಹೊತ್ತು ಕೂತಿದ್ದೆ. ಆಮೇಲೆ ಎರಡು ಮುದ್ದೆಯಲ್ಲೂ ಒಂದೊಂದು ತುತ್ತು ಮುರಿದೆ. ಎರಡು ಎಲೆಯನ್ನೂ ಅವರವರ ಕಡೆಗೆ ಮಡಿಸಿದೆ. ಕಣ್ಣು ಒರೆಸಿಕೊಂಡು ಬಾಗಿಲು ತೆಗೆದೆ.

"ಉಂಡ್ರು," ಅಂದೆ.